ಅಕ್ಕೋರು ಮುಗಿಸದ ಸೊನಾಟಾ

ಯಾದಗಿರಿಯ ಬೇಸಿಗೆಯಲ್ಲಿ ಕರೆಂಟು ಹೋದರೆ ಇಡೀ ಓಣಿ ಮಲಗಿಬಿಡುತ್ತಿದ್ದ ಕಾಲವದು. ಎಚ್ಚರವಿರುತ್ತಿದ್ದವು ಎರಡೇ: ನನ್ನ ಬಾಯಿ, ಚರ್ಚಿನ ಹಿಂದಿನ ಮನೆಯ ಪಿಯಾನೊ.

ನಾನು ತೆಗೆಯದ ದನಿ ಇರಲಿಲ್ಲ. ಬಸ್ ಕಂಡಕ್ಟರ್, ಕೆಮ್ಮುವ ಅಜ್ಜ, ಮೊಟ್ಟೆಯಿಟ್ಟ ಕೋಳಿ. ಮಂಗನ ದನಿಗೆ ಮಾತ್ರ ಅಭ್ಯಾಸವೇ ಬೇಕಿರಲಿಲ್ಲ.

ಪಿಯಾನೊ ನಮಗೆ ಪಾಠ ಹೇಳುತ್ತಿದ್ದ ಅಕ್ಕೋರದು. ತಂತಿಗಳ ಸದ್ದಡಗಿಸುವ ಉಣ್ಣೆಯ ತುಂಡುಗಳನ್ನು ಇಲಿಗಳು ತಿಂದಿದ್ದವು. ಹೀಗಾಗಿ ಮುಚ್ಚಳ ತೆರೆದು ಯಾರು ಕೂಗಿದರೂ, ಡಾಂಬರ್ ಗುಳಿಗೆಯ ವಾಸನೆಯ ಜೊತೆ ಅದೇ ದನಿ ಸಣ್ಣಗೆ ಮರಳುತ್ತಿತ್ತು.

ಅಕ್ಕೋರು ಗುನುಗುತ್ತ ನುಡಿಸುತ್ತಿದ್ದುದು ತಾವೇ ಕಟ್ಟಿದ ಸೊನಾಟಾ, ಪದಗಳಿಲ್ಲದ ಉದ್ದನೆಯ ಪಿಯಾನೊ ಸಂಗೀತ. ಎಲ್ಲೂ ಅಚ್ಚಾಗಿರಲಿಲ್ಲ, ಕಾಗದಕ್ಕೂ ಇಳಿದಿರಲಿಲ್ಲ. ಹಳೆಯ ಇಂಗ್ಲಿಷ್ ಪದ್ಯವೊಂದನ್ನು ಓದಿ ಕಟ್ಟಿದ್ದಂತೆ.

"ಆ ಪದ್ಯದಾಗ ಸತ್ತ ಹೆಂಡ್ತಿ ದನಿ ಕೇಳ್ತದೇನಂತ ಒಬ್ಬಾಂವ ದಿನಾ ಕೆರಿ ದಂಡಿಮ್ಯಾಗ ಕುಂದರ್ತಾನ," ಎಂದರು.

"ಚರಗಿ ಒಯ್ದಿದ್ನೇನ್ರಿ ಅಕ್ಕೋರ?"

ನಮ್ಮೂರಲ್ಲಿ ಕೆರೆ ದಂಡೆಗೆ ಜನ ಹೋಗುತ್ತಿದ್ದುದು ನೀರಿನ ಚರಗಿ ಹಿಡಿದು, ಬಯಲಕಡೆಗೆ. ಅಕ್ಕೋರು ಕಿವಿ ಹಿಂಡಿ, ತಾವೇ ನಕ್ಕರು. "ಕೊನಿ ಇನ್ನಾ ಹುಡುಕಾಕತ್ತೀನೋ ಮಂಗ್ಯಾ. ಅಂವಗ ದನಿ ಕೇಳಿಸ್ತೋ ಇಲ್ಲೋ, ಗೊತ್ತಾಗವಲ್ದು."

ಕೊನೆ ಸಿಗುವ ಮೊದಲೇ ಅಕ್ಕೋರು ತೀರಿಕೊಂಡರು. ಅವರ ಅಕ್ಕ ಮಾರ್ಥಮ್ಮ ಮನೆ ಖಾಲಿ ಮಾಡಬೇಕಿತ್ತು. ಪಿಯಾನೊವನ್ನು ಕಟ್ಟಿಗೆಗೆಂದು ಶಹಾಪುರದ ಬಡಗಿ ಒಯ್ಯುವವನಿದ್ದ. ಆ ಮಧ್ಯಾಹ್ನ ಮಾರ್ಥಮ್ಮ ನನ್ನನ್ನು ಕರೆಸಿ, ಎದುರಿಗೆ ಚುರುಮರಿ ಸುಸಲಾ ಇಟ್ಟರು.

"ಅಕೀನ ಅಣಕಿಸ್ತಿದ್ದೆಲ್ಲ, ಒಂದ್ಸಲ ಗುನುಗಪಾ. ಈ ಪಿಯಾನೊ ಹೋಗೂದ್ರಾಗ ಕೇಳ್ಬೇಕು."

"ನಗಬಾರ್ದು ಮತ್ತ."

"ನಗೂದಿಲ್ಲೋ."

ಮುಚ್ಚಳ ತೆರೆದು, ಬಗ್ಗಿ ಅಕ್ಕೋರ ದನಿ ತೆಗೆದೆ. ತಂತಿಗಳು ಬೆನ್ನಿಗೇ ಗುನುಗಿದವು. ಅವರು ದಿನವೂ ನಿಲ್ಲುತ್ತಿದ್ದಲ್ಲಿ ನಾನೂ ನಿಂತೆ.

ಪಿಯಾನೊದೊಳಗಿನ ದನಿ ನಿಲ್ಲಲಿಲ್ಲ. ನಾನು ತೆಗೆಯದ ಸ್ವರಗಳು ಒಂದೊಂದಾಗಿ, ಯಾರೋ ಮೆಟ್ಟಿಲಿಳಿದಂತೆ ಇಳಿದವು. ನನ್ನ ಬಾಯಿ ಮುಚ್ಚಿತ್ತು. ಅದೇ ಒಂದು ಪವಾಡ. ಮಾರ್ಥಮ್ಮನ ತುಟಿಯೂ ಅಲುಗಿರಲಿಲ್ಲ.

"ಇಲಿ ಇರ್ಬೇಕಲ್ರೀ?" ಎಂದೆ.

ಸದ್ದು ಪೂರ್ತಿ ಆರುವವರೆಗೆ ಕಾದು, ಮಾರ್ಥಮ್ಮ ಮುಚ್ಚಳ ಮುಚ್ಚಿ ಅದರ ಮೇಲೆ ಕೈಯಿಟ್ಟರು. "ಕೊನಿ ಸಿಕ್ತು ನೋಡು ಅಕಿಗಿ. ಸುಸಲಾ ತಿನ್ನು."

ಸಂಜೆ ಬಡಗಿಯ ಗಾಡಿ ಬಂತು.

ಈಗ ಓಣಿಯಲ್ಲಿ ಕರೆಂಟು ಅಷ್ಟಾಗಿ ಹೋಗುವುದಿಲ್ಲ, ಮಧ್ಯಾಹ್ನಗಳೂ ಸುಮ್ಮನಿರುವುದಿಲ್ಲ. ಮದುವೆ ಮನೆಗಳಲ್ಲಿ ನಾನಿನ್ನೂ ಎಲ್ಲರ ದನಿ ತೆಗೆದು ನಗಿಸುತ್ತೇನೆ. ಒಬ್ಬನೇ ಇದ್ದಾಗ ಅಕ್ಕೋರದನ್ನೂ ತೆಗೆಯುತ್ತೇನೆ, ಅವರು ನಿಲ್ಲುತ್ತಿದ್ದಲ್ಲಿಯವರೆಗೆ ಬರುತ್ತದೆ. ಮುಂದಿನ ಆ ಸ್ವರಗಳು ಮಾತ್ರ ನೆನಪಿಲ್ಲ. ಅಲ್ಲಿಗೆ ನಿಂತು ಕಿವಿಗೊಡುತ್ತೇನೆ, ಕೆರೆ ದಂಡೆಯಲ್ಲಿ ಕೂತವನ ಹಾಗೆ. ಕೈಯಲ್ಲೊಂದು ಚರಗಿಯೂ ಇಲ್ಲದೆ.