ಅಮ್ಮ ಮನೆಯಲ್ಲಿಲ್ಲದ ದಿನಗಳ ಫೋಟೋಗಳು

ಅಮ್ಮ ಗೂಡ್ಸ್ ರೈಲಿನ ಗಾರ್ಡ್ ಆಗಿದ್ದಳು. ಕೊನೆಯ ಡಬ್ಬಿಯಲ್ಲಿ ಒಬ್ಬಳೇ ನಿಂತು ಹಸಿರು ಬಾವುಟ ಬೀಸಿ ಹೊರಟರೆ, ಮತ್ತೆ ಮನೆ ಸೇರುವುದು ಯಾವಾಗ ಎಂದು ಅವಳಿಗೂ ಗೊತ್ತಿರುತ್ತಿರಲಿಲ್ಲ. ಅಪ್ಪ ದರ್ಜಿ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಲೇ ನನ್ನನ್ನೂ ತಮ್ಮನನ್ನೂ ನೋಡಿಕೊಳ್ಳುತ್ತಿದ್ದ.

ತಮ್ಮ ಮೊದಲ ಹೆಜ್ಜೆಯಿಟ್ಟ ದಿನ ಅಮ್ಮ ಯಾವುದೋ ದೂರದ ಸ್ಟೇಷನ್ನಿನಲ್ಲಿ ಸಿಗ್ನಲ್ ಕಾಯುತ್ತಿದ್ದಳು. ಬಂದವಳೇ ಅಪ್ಪನ ಬೆನ್ನುಬಿದ್ದಳು. "ಹೇಗೆ ನಡೆದ? ಪೂರ್ತಿ ಹೇಳಿ."

ಅಪ್ಪ ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ತೆಗೆದು, "ಹೇಗೆ ಅಂದ್ರೆ? ಎದ್ದ, ನಡೆದ, ಬಿದ್ದ" ಅಂದ.

ಅವನ ಮಾತು ಯಾವಾಗಲೂ ಅಷ್ಟೇ, ಅಳತೆಗೆ ಕತ್ತರಿಸಿದ ಬಟ್ಟೆ. ಅಮ್ಮನಿಗೆ ನಗು ಬರಲಿಲ್ಲ. ಊಟ ಅರ್ಧಕ್ಕೇ ಬಿಟ್ಟು ಎದ್ದಳು.

ಮುಂದಿನ ಸಲ ಬರುವಾಗ ಹಳೇ ಸಾಮಾನಿನ ಅಂಗಡಿಯಿಂದ ಒಂದು ಕ್ಯಾಮೆರಾ ತಂದಳು. ಕಪ್ಪು ಪ್ಲಾಸ್ಟಿಕ್ಕಿನದು, ಸೋಪಿನ ಡಬ್ಬಿಯಂತೆ ಹಗುರ. ತಿರುಗಿಸಿ ಸರಿಮಾಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಕಿಂಡಿಗೆ ಕಣ್ಣಿಟ್ಟು ಗುಂಡಿ ಒತ್ತುವುದು, ಆಮೇಲೆ ಹೆಬ್ಬೆರಳಿನಿಂದ ಹಲ್ಲುಚಕ್ರವನ್ನು ಕರಕರ ತಳ್ಳಿ ಫಿಲ್ಮ್ ಮುಂದಕ್ಕೆ ಸರಿಸುವುದು. ಅದನ್ನು ನನ್ನ ಕೊರಳಿಗೆ ಹಾಕಿ ಅಂದಳು:

"ಚೆನ್ನಾಗಿರೋದನ್ನೇ ಹುಡುಕಿ ತೆಗೀಬೇಡ ಮಗಳೇ. ನಾನು ಮನೇಲಿದ್ದಿದ್ರೆ ಏನು ನೋಡ್ತಿದ್ನೋ ಅದನ್ನ ತೆಗಿ."

ಹಾಗೇ ತೆಗೆದೆ. ಒಲೆ ತುಂಬ ಉಕ್ಕಿ ಹರಿದ ಹಾಲು, ಕೊರಳಲ್ಲಿ ಟೇಪು ನೇತಾಡುತ್ತಿರುವಂತೆಯೇ ತೂಕಡಿಸುತ್ತಿದ್ದ ಅಪ್ಪ, ಅಂಗಿಯ ತೋಳಿನಲ್ಲಿ ತಲೆ ಸಿಕ್ಕಿಸಿಕೊಂಡು ಅರಚುತ್ತಿದ್ದ ತಮ್ಮ. ಎಷ್ಟೋ ಫೋಟೋಗಳ ಮೂಲೆಯಲ್ಲಿ ನನ್ನ ಬೆರಳೂ ಇರುತ್ತಿತ್ತು. ಸ್ಟುಡಿಯೋದವರು ಲಕೋಟೆ ಕೊಡುತ್ತ, "ಯಾರದ್ದಾದ್ರೂ ಒಂದು ಮುಖ ನೆಟ್ಟಗೆ ತೆಗಿಯಮ್ಮಾ, ಪುಣ್ಯ ಬರುತ್ತೆ" ಅನ್ನುತ್ತಿದ್ದರು.

ಅಮ್ಮ ಯೂನಿಫಾರ್ಮನ್ನೂ ಬದಲಿಸದೆ ಫೋಟೋಗಳನ್ನು ನೆಲದ ಮೇಲೆ ಹರಡಿಕೊಂಡು ಕೂರುತ್ತಿದ್ದಳು. "ಕಿಟಕಿ ಗಾಜು ಯಾವಾಗ ಒಡೀತು? ಇದ್ಯಾರ ಚಪ್ಪಲಿ?" ಉತ್ತರ ತಪ್ಪಿಸಿಕೊಳ್ಳಲು ಅಪ್ಪ ಯಂತ್ರವನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಪ್ಪನಿಗೆ ಜ್ವರ ಬಂತು. ಹಾಸಿಗೆಗೆ ಅಂಟಿಕೊಂಡವನು ಗುರುತೇ ಸಿಗದಷ್ಟು ಇಳಿದುಹೋದ. ನಾನು ಕ್ಯಾಮೆರಾ ಎತ್ತಿದರೆ ಕೈ ಅಡ್ಡ ಹಿಡಿದ. "ಇದು ಬೇಡ ಪುಟ್ಟೀ. ನೋಡಿದ್ರೆ ಅವಳು ನೆಮ್ಮದಿಯಾಗಿ ಕೆಲಸಕ್ಕೆ ಹೋಗಲ್ಲ." ಅವನಿಗೆ ನಿದ್ದೆ ಹತ್ತಿದ ಮೇಲೆ ಯೋಚಿಸಿದೆ. ಅಮ್ಮ ಇದ್ದಿದ್ದರೆ ಇದನ್ನೇ ತಾನೇ ನೋಡುತ್ತಿದ್ದುದು? ಗುಂಡಿ ಒತ್ತಿದೆ.

ಅಮ್ಮ ಬರುವಷ್ಟರಲ್ಲಿ ಅಪ್ಪ ಗಡ್ಡ ಹೆರೆದು, ಯಂತ್ರದ ಮುಂದೆ ಕೂತಿದ್ದ. "ಸ್ವಲ್ಪ ನೆಗಡಿಯಾಗಿತ್ತು" ಅಂದ. ಫೋಟೋ ಕೈಗೆ ಬಂದಾಗ ಅಮ್ಮ ಅದನ್ನು ತುಂಬ ಹೊತ್ತು ಕೆಳಗಿಡಲಿಲ್ಲ.

"ಇದು ನೆಗಡೀನಾ?"

ಅಪ್ಪ ನನ್ನ ಕಡೆ ದುರುಗುಟ್ಟಿದ.

"ಅವಳ ಮೇಲೆ ಕಣ್ಣು ಬಿಡಬೇಡಿ. ಈ ಮನೇಲಿ ನನಗೆ ನಿಜ ಹೇಳೋದು ಅವಳೊಬ್ಳೇ."

ಮಾರನೇ ದಿನವೇ ಆಫೀಸಿಗೆ ಹೋಗಿ, ಹತ್ತಿರದ ಊರುಗಳಿಗೆ ಓಡುವ ಪ್ಯಾಸೆಂಜರ್ ರೈಲಿಗೆ ಹಾಕಿ ಎಂದು ಕೇಳಿಕೊಂಡಳು. ಬಡ್ತಿ ಕೈತಪ್ಪುತ್ತದೆ ಎಂದು ಎಲ್ಲರೂ ಹೆದರಿಸಿದರು. "ತಪ್ಪಲಿ ಬಿಡಿ" ಅಂದಳಂತೆ.

ಅಂದಿನಿಂದ ಅಮ್ಮ ದಿನಾ ಸಂಜೆ ಮನೆಯಲ್ಲಿರುತ್ತಿದ್ದಳು. ಕ್ಯಾಮೆರಾ ಅರ್ಧ ಫಿಲ್ಮಿನ ಸಮೇತ ಬೀರುವಿನ ಮೇಲೆ ಹೋಯಿತು. ಯಾರೂ ಅದನ್ನು ಹುಡುಕಲಿಲ್ಲ. ನಮ್ಮ ಬದುಕಿನ ಅತ್ಯಂತ ಸುಖದ ವರ್ಷಗಳವು. ಅಮ್ಮ ತರಕಾರಿ ಹೆಚ್ಚುತ್ತ ರೈಲಿನ ಕಥೆ ಹೇಳುವುದು, ಅಪ್ಪ ನಕ್ಕು ನಕ್ಕು ಹೊಲಿಗೆ ತಪ್ಪಿಸುವುದು. ಆ ಸಂಜೆಗಳದ್ದು ಒಂದೇ ಒಂದು ಫೋಟೋ ಇಲ್ಲ.

ಹೋದ ವರ್ಷ ತಮ್ಮ ಬಂದಿದ್ದಾಗ ಅಮ್ಮ ಫೋಟೋಗಳ ಡಬ್ಬಿ ತೆಗೆದಳು. ಅವನು ಸೈಕಲ್ ಕಲಿಯುವಾಗ ಬೀಳುತ್ತಿರುವ ಚಿತ್ರ ಸಿಕ್ಕಿತು. ಸೀಟು ಹಿಡಿದು ಓಡಿದ್ದು ಅಪ್ಪ. ನನ್ನ ಕೈಚಳಕದಿಂದಾಗಿ ಅವನು ಚಿತ್ರದೊಳಗೆ ಬಂದಿರಲಿಲ್ಲ.

"ನೆನಪಿದೆಯಾ?" ಅಂದಳು ಅಮ್ಮ. "ಸೀಟು ಹಿಡ್ಕೊಂಡು ಓಡಿ ಓಡಿ ನನಗೆ ಉಸಿರೇ ಕಟ್ಟಿತ್ತು."

ತಮ್ಮ ನನ್ನ ಮುಖ ನೋಡಿದ. ಸೂಜಿಗೆ ದಾರ ಪೋಣಿಸುತ್ತಿದ್ದ ಅಪ್ಪ ತಲೆ ಎತ್ತಲಿಲ್ಲ.

"ಮತ್ತೆ? ನೀನು ಕೈ ಬಿಟ್ಟಿದ್ದಕ್ಕೇ ಅವನು ಬಿದ್ದಿದ್ದು" ಅಂದ.