ಆಯುಧಪೂಜೆಯ ಕ್ಲಾಂಪುಗಳು

ಪೀಣ್ಯದ ನಮ್ಮ ಶೆಡ್ಡಿನಲ್ಲಿ ಗಾಜಿನ ನಾರಿಗೆ ರೆಸಿನ್ ಅಂಟು ಬಳಿದು, ಪದರದ ಮೇಲೆ ಪದರ ಕೂರಿಸಿ ಹಲಗೆ ಮಾಡುತ್ತಿದ್ದೆವು. ಪದರಗಳ ನಡುವೆ ಕೂದಲಿನಷ್ಟು ಸಣ್ಣ ತಂತಿಗಳು. ಆ ತಂತಿ ಮಹಾ ಕಳ್ಳ. ತಣ್ಣಗಿರುವಾಗ ಎಳೆದರೆ ಎಳೆದಷ್ಟಕ್ಕೇ ಸುಮ್ಮನೆ ನಿಲ್ಲುತ್ತದೆ. ಬಿಸಿ ತಾಗಿದರೆ ಹಳೆಯ ಉದ್ದಕ್ಕೆ ಕುಗ್ಗುತ್ತದೆ. ಸಿದ್ಧವಾದ ಹಲಗೆಗೆ ಕರೆಂಟು ಕೊಟ್ಟಾಗ ತಂತಿ ಬಿಸಿಯಾಗಿ, ಕುಗ್ಗಿ, ಹಲಗೆಯನ್ನೇ ಬಗ್ಗಿಸಬೇಕು. ಆದರೆ ಅದಕ್ಕೂ ಮೊದಲು, ಓವನ್ನಿನಲ್ಲಿ ರೆಸಿನ್ ಗಟ್ಟಿಯಾಗುವವರೆಗೆ, ಕುಗ್ಗಬಾರದು. ಅದಕ್ಕೇ ತಂತಿಯನ್ನು ಕಚ್ಚಿ ಹಿಡಿಯಲು ಎರಡೂ ತುದಿಗೆ ಕ್ಲಾಂಪು.

ಕ್ಲಾಂಪು ಬಿಗಿಯುವುದು ನನಗೆ ಕೆಲಸ ಕಲಿಸಿದ ಅಣ್ಣನ ಪಾಲು. ಆಯುಧಪೂಜೆಯ ಹಿಂದಿನ ದಿನ ತಂತಿ ಎಳೆದು, ಬಿಗಿದು ಮನೆಗೆ ಹೋದರು. ಹಬ್ಬದ ಬೆಳಿಗ್ಗೆ ತೊಳೆಯುವ ಸರದಿ ನನ್ನದು. ಕ್ಲಾಂಪಿಗೆ ರೆಸಿನ್ ಮೆತ್ತಿಕೊಂಡಿತ್ತು. ಪೂಜೆಗೆ ಕೊಳಕಾಗಿ ಇಡುವುದೇ? ಬಿಚ್ಚಿದೆ, ಉಜ್ಜಿದೆ, ಕುಂಕುಮ ಹಚ್ಚಿದೆ. ಅಷ್ಟರಲ್ಲಿ ಸ್ಪ್ಯಾನರುಗಳೆಲ್ಲ ದೇವರ ಮುಂದೆ ಸಾಲಾಗಿ ಕೂತು ಹೂವೇರಿಸಿಕೊಂಡಿದ್ದವು. ಹೂವಿಟ್ಟ ಆಯುಧವನ್ನು ಅವತ್ತು ಮುಟ್ಟುವಂತಿಲ್ಲ. ಕೈಯಲ್ಲೇ ತಿರುಗಿಸಿ ಕೂರಿಸಿದೆ. ಬೇರೆ ತಂತಿಯಾಗಿದ್ದರೆ ಬಿಚ್ಚಿದಾಗಲೇ ಸಡಿಲಾಗಿ ಎಚ್ಚರಿಸುತ್ತಿತ್ತು. ಇದು ಮಿಸುಕಲೂ ಇಲ್ಲ. ಆಮೇಲೆ ಬಿಗಿದರಾಯಿತು ಎಂದುಕೊಂಡೆ, ಕಡಲೆಪುರಿ ತಿಂದು ಮರೆತೆ.

ಹಬ್ಬ ಕಳೆದು ಅಣ್ಣ ಹಲಗೆಯನ್ನು ಓವನ್ನಿಗೆ ಇಟ್ಟರು. ರೆಸಿನ್ ಮೆತ್ತಗಿರುವಾಗಲೇ ತಂತಿಗಳು ಸಡಿಲ ಕ್ಲಾಂಪಿನಿಂದ ಜಾರಿ, ಕುಗ್ಗುವಷ್ಟೂ ಕುಗ್ಗಿಬಿಟ್ಟಿದ್ದವು. ಹೊರಗಿನಿಂದ ಏನೂ ಕಾಣಲಿಲ್ಲ. ಗಿರಾಕಿಗಳ ಮುಂದೆ ಕರೆಂಟು ಕೊಟ್ಟರೆ ಹಲಗೆ ಹೆಣದ ಹಾಗೆ ಬಿದ್ದಿತ್ತು.

"ಕ್ಲಾಂಪು ಬಿಗಿ ಮಾಡಿದ್ದೆ ಸಾರ್," ಎಂದರು ಅಣ್ಣ.

"ವಯಸ್ಸಾಯ್ತು, ಮರ್ತಿದ್ದೀರ ಬಿಡಿ. ನಾಳೆಯಿಂದ ಬರೋದು ಬೇಡ," ಎಂದರು ಓನರ್.

ಆಗ ನನಗೆಲ್ಲ ನೆನಪಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಎತ್ತು ನಾನು, ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಹೇಡಿ ನಾನು, ಅದಕ್ಕೆ ಬೇರೆ ಪದವಿಲ್ಲ.

ಮೊನ್ನೆ ರಾಜಗೋಪಾಲನಗರದ ಬಸ್ ಸ್ಟಾಪಿನಲ್ಲಿ ಅಣ್ಣ ಸಿಕ್ಕರು. ಯಾವಾಗಲೂ ಸ್ಕೂಟರಿನಲ್ಲೇ ಓಡಾಡುತ್ತಿದ್ದವರು.

"ಗಾಡಿ ಎಲ್ಲಣ್ಣ?"

"ಮಾರ್ಬಿಟ್ಟೆ ಕಣೋ. ಅವತ್ತು ಬಿಗಿ ಮಾಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂಗೈತೆ. ಆದ್ರೂ ಮಾಡಿರ್ಲಿಲ್ವಲ್ಲ? ತಲೆ ಕೈಕೊಡ್ತಾ ಐತೆ ಅಂತ ಆಗ್ಲೇ ಗೊತ್ತಾಯ್ತು. ಈಗ ಗ್ಯಾಸ್ ಹಚ್ಚೋಕೂ ಭಯ. ಮೊಮ್ಮಗೂನ ಸ್ಕೂಲಿಂದ ಕರ್ಕೊಂಬಾ ಅಂದ್ರೆ ನಾನೇ ಒಲ್ಲೆ ಅಂತೀನಿ. ಎಲ್ಲಾದ್ರೂ ಮರ್ತು ಬಿಟ್ಟು ಬಂದ್ರೆ?"

ಅಷ್ಟರಲ್ಲಿ ಬಸ್ಸು ಬಂತು. "ಬರ್ತೀನಣ್ಣ" ಎಂದು ಹತ್ತಿಬಿಟ್ಟೆ. ಅದು ನಾನು ಹೋಗಬೇಕಾದ ಬಸ್ಸೇ ಆಗಿರಲಿಲ್ಲ.