ಟೇಪಕ್ಕನ ಖುಷಿ

ಕುತ್ತಿಗೆಯಿಂದ ಅಳತೆಯ ಟೇಪು ಇಳಿಸಿದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಅವಳಿಗೆ ಟೇಪಕ್ಕ ಅಂತಲೇ ಹೆಸರು ಬಿತ್ತು. ಬೀದಿಯ ತಿರುವಿನಲ್ಲಿ ಹತ್ತಡಿಯ ಹೊಲಿಗೆ ಅಂಗಡಿ. ಅಕ್ಕ ಬಟ್ಟೆ ಕತ್ತರಿಸಬೇಕು, ತಮ್ಮ ಹೊಲಿಯಬೇಕು, ಇದು ಅವರಪ್ಪನ ಕಾಲದಿಂದ ಆದ ಏರ್ಪಾಡು. ಟೇಪಕ್ಕನ ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ. ಸಣ್ಣಗಾಗಿದ್ದೀನಿ ಅಂತ ಕೊಚ್ಚಿಕೊಂಡ ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿ, ನನಗೆ ಸುಳ್ಳು ಹೇಳಿದರೆ ಗುಂಡಿ ಕಿತ್ತು ಬರುತ್ತೆ ಸ್ವಾಮಿ, ಅನ್ನುತ್ತಿದ್ದಳು.

ವರ್ಷಕ್ಕೊಂದು ಸಲ ಅವಳು ಮಂಕಾಗುತ್ತಿದ್ದಳು. ಗೋಡೆಗೆ ಮುಖ ಮಾಡಿ ಮಲಗಿದರೆ ವಾರಗಟ್ಟಲೆ ಏಳುತ್ತಿರಲಿಲ್ಲ, ತಲೆ ಬಾಚಿಕೊಳ್ಳುವುದೂ ಬೆಟ್ಟ ಹೊತ್ತಂತೆ. ಒಮ್ಮೆ ತಮ್ಮ ಹೆದರಿ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರಮ್ಮ ಖಿನ್ನತೆ ಅಂದು ಮಾತ್ರೆ ಬರೆದುಕೊಟ್ಟರು. ತಿಂಗಳು ಕಳೆದು ಅವರು ಫೋನಿನಲ್ಲಿ ಹೇಗಿದ್ದಾರೆ ಅಂತ ಕೇಳಿದಾಗ ತಮ್ಮ ಎದೆಯುಬ್ಬಿಸಿ, "ತುಂಬಾ ಹುಷಾರು ಮೇಡಂ, ಯಾವತ್ತೂ ಇಷ್ಟು ಹುಷಾರಿರಲಿಲ್ಲ" ಅಂದ.

ಎಡವಟ್ಟಾಗಿದ್ದು ಅಲ್ಲೇ. ಜ್ವರ ಬಿಟ್ಟವನಿಗೂ ಹುಷಾರು ಅನ್ನುತ್ತೇವೆ, ಚುರುಕಾದವನಿಗೂ ಹುಷಾರು ಅನ್ನುತ್ತೇವೆ. ಡಾಕ್ಟರಮ್ಮನಿಗೆ ಕೇಳಿಸಿದ್ದು ಮೊದಲನೆಯದು, ತಮ್ಮ ಹೇಳಿದ್ದು ಎರಡನೆಯದು. ಅಕ್ಕ ಮೂರೇ ಗಂಟೆ ಮಲಗಿ ದಣಿವಿಲ್ಲದೆ ಓಡಾಡುತ್ತಿದ್ದಳು, ನಾಲ್ಕು ಜನರ ಮಾತು ಒಬ್ಬಳೇ ಆಡುತ್ತಿದ್ದಳು, ಎದುರಿನ ಖಾಲಿ ಮಳಿಗೆಗಳನ್ನೆಲ್ಲ ಹಿಡಿದು ಕಾರ್ಖಾನೆ ಮಾಡುತ್ತೇನೆ ಅಂತ ಕುಣಿಯುತ್ತಿದ್ದಳು. ಮಲಗಿದವಳು ಎದ್ದಳಲ್ಲ ಅನ್ನುವುದೇ ಪಾಪ ತಮ್ಮನಿಗೆ ದೊಡ್ಡ ಸಮಾಧಾನ.

ಆ ವಾರವೇ ಶಾಲೆಯೊಂದರ ಅರವತ್ತು ಪ್ಯಾಂಟಿನ ಬಟ್ಟೆ ಬಂತು. ಟೇಪಕ್ಕ ಒಂದೇ ಹಗಲಿನಲ್ಲಿ ಅಷ್ಟನ್ನೂ ಕತ್ತರಿಸಿ ಒಟ್ಟಿದಳು. ತಮ್ಮ ಹೊಲಿಯಲು ಕೂತು ನೋಡಿದರೆ ಎಲ್ಲವೂ ಎಡಗಾಲು. ಮಗುಚಿ ಹೊಲಿಯೋಣವೆಂದರೆ ಆ ಬಟ್ಟೆಗೆ ಒಳಮೈ ಬೇರೆ, ಹೊರಮೈ ಬೇರೆ. ಬಲಗಾಲೆಲ್ಲಿ ಅಂತ ಕೇಳಿದ್ದಕ್ಕೆ ಅಕ್ಕ ಬಿದ್ದು ಬಿದ್ದು ನಕ್ಕಳು. ಅವನು ಹೊಲಿಗೆ ಬಿಟ್ಟು ಎದ್ದ. ಎಡಗಾಲುಗಳ ಗಂಟು ಹೊತ್ತು, ಅಕ್ಕನನ್ನೂ ಕರೆದುಕೊಂಡು ಸೀದಾ ಆಸ್ಪತ್ರೆಗೆ ಹೋದ.

ಹಿಂದೆಯೂ ಹೀಗಾಗಿತ್ತೇ ಅಂತ ಡಾಕ್ಟರಮ್ಮ ಕೇಳಿದರು. ಯಾಕಾಗಿಲ್ಲ, ಮನೆಯವರೆಲ್ಲ ಅವುಗಳನ್ನು ಅಕ್ಕನ ಒಳ್ಳೆಯ ದಿನಗಳು ಅಂತ ಲೆಕ್ಕ ಹಾಕಿದ್ದರು. ಡಾಕ್ಟರಮ್ಮ ಹಣೆ ಒತ್ತಿಕೊಂಡು, ತಾನೂ ಇನ್ನಷ್ಟು ಕೇಳಬೇಕಿತ್ತು ಅಂದರು. ಇದು ಬೈಪೋಲಾರ್, ಮನಸ್ಸು ಕೆಳಗೆ ಕುಸಿಯುವುದು ಹೇಗೆ ಕಾಯಿಲೆಯೋ ಮಿತಿ ಮೀರಿ ಮೇಲೇರುವುದೂ ಕಾಯಿಲೆಯೇ, ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಕೆಲವರನ್ನು ಅದು ಮೇಲಕ್ಕೆ ತಳ್ಳಿಬಿಡುತ್ತದೆ, ಅಂತ ಬಿಡಿಸಿ ಹೇಳಿದರು. ಮಾತ್ರೆ ಬದಲಾಯಿತು. ಮನಸ್ಸನ್ನು ಹದದಲ್ಲಿಡುವ ಲಿಥಿಯಂ ಶುರುವಾಯಿತು, ಅದರ ಮಟ್ಟ ನೋಡಲು ಆಗಾಗ ರಕ್ತಪರೀಕ್ಷೆ, ದಿನವೂ ಹೊತ್ತಿಗೆ ಸರಿಯಾಗಿ ನಿದ್ದೆ.

ಸುಧಾರಿಸಲು ವರ್ಷವೇ ಹಿಡಿಯಿತು. ಮೊದಲು ಬೆರಳು ನಡುಗಿ ಸೂಜಿಗೆ ದಾರ ಪೋಣಿಸಲಾಗದೆ ಅತ್ತಳು. ಆದರೂ ಮಾತ್ರೆ ಬಿಡದೆ ಹೋಗಿ ಹೇಳಿಕೊಂಡಳು, ಡಾಕ್ಟರಮ್ಮ ಪ್ರಮಾಣ ತಗ್ಗಿಸಿದರು, ನಡುಕ ಇಳಿಯಿತು. ಅವಳ ಭಯ ಮಾತ್ರ ಇಳಿಯಲಿಲ್ಲ. ತನ್ನ ಕತ್ತರಿಯನ್ನು ತಮ್ಮನ ಕೈಗಿತ್ತು, ಬೀರುವಿನಲ್ಲಿಟ್ಟು ಬೀಗ ಹಾಕು, ನಾನು ಕೇಳಿದರೂ ಕೊಡಬೇಡ ಅಂದುಬಿಟ್ಟಳು. ಗುಂಡಿ ಹಾಕುತ್ತಾ ಮೂಲೆಯಲ್ಲಿ ಕೂತಳು. ನಗು ಬಂದರೆ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಿದ್ದಳು, ಇದೂ ಕಾಯಿಲೆಯ ನಗುವೇನೋ ಅಂತ. ಅತ್ತ ತಮ್ಮ ಕತ್ತರಿಸಿದ ಅಂಗಿಗಳಲ್ಲಿ ಒಂದು ತೋಳು ಮೊಣಕೈಗೆ ಬಂದರೆ ಇನ್ನೊಂದು ಮಣಿಕಟ್ಟಿಗೆ.

ಒಂದು ಬೆಳಿಗ್ಗೆ ಎದ್ದಾಗ ಎದೆ ಹಗುರವಾಗಿತ್ತು, ಬಾಯಲ್ಲಿ ತಾನಾಗಿ ಹಾಡು. ಟೇಪಕ್ಕ ಗಾಬರಿಯಾಗಿ ಅಂದೇ ತಮ್ಮನನ್ನು ಎಳೆದುಕೊಂಡು ಆಸ್ಪತ್ರೆಗೆ ಓಡಿದಳು. ಡಾಕ್ಟರಮ್ಮ ಎಷ್ಟು ನಿದ್ದೆ, ಎಷ್ಟು ಮಾತು, ಹೊಸ ಯೋಜನೆಗಳೇನಾದರೂ ಇವೆಯೇ ಅಂತ ಇಬ್ಬರನ್ನೂ ಬೇರೆ ಬೇರೆ ಕೇಳಿದರು. ಏಳು ಗಂಟೆ ನಿದ್ದೆ, ಯೋಜನೆ ಇಲ್ಲ, ಮಾತು ಎಂದಿನಷ್ಟೇ ಜಾಸ್ತಿ. ರಕ್ತದ ವರದಿಯೂ ಸರಿಯಿತ್ತು.

"ಮತ್ತೆ ನಿನ್ನೆ ಏನಾಯ್ತು, ಹೇಳಿ" ಅಂದರು.

"ಒಬ್ಬರು ಹಳೇ ಕೋಟು ತಂದಿದ್ರು. ನಾನೇ ಕತ್ತರಿಸಿದ್ದು, ಹತ್ತು ವರ್ಷದ ಹಿಂದೆ. ಇಂಥದ್ದೇ ಇನ್ನೊಂದು ಬೇಕು, ಇವನ ಕೈಯಿಂದ ಬೇಡ್ವೇ ಬೇಡ ಅಂದ್ರು."

ತಮ್ಮ ಸೂರು ನೋಡಿದ. ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ.

"ಇದಕ್ಕೆ ನನ್ನ ಹತ್ರ ಮಾತ್ರೆ ಇಲ್ಲಮ್ಮ. ಇದು ಬರೀ ಖುಷಿ. ಆ ಮಾತ್ರೆನೂ ಬಿಡಬೇಡಿ, ಇದನ್ನೂ ಬಿಡಬೇಡಿ."

ಟೇಪಕ್ಕ ಅಲ್ಲೇ ಕೂತು ಅತ್ತಳು. ವರ್ಷದಿಂದ ಅವಳು ತನ್ನ ಖುಷಿಯನ್ನು ಕಳ್ಳನನ್ನು ಕಂಡಂತೆ ಕಾಣುತ್ತಿದ್ದಳು, ಅದು ತನ್ನದೇ ಅಂತ ಇನ್ನೊಬ್ಬರು ಹೇಳಬೇಕಾಯಿತು. ಅಂಗಡಿಗೆ ಬಂದು ಕೋಟಿನ ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು ಕೈ ಚಾಚಿದಳು.

"ಕತ್ತರಿ ಕೊಡೋ."

ಕೇಳಿದರೂ ಕೊಡಬೇಡ ಅಂದಿದ್ದು ಅವಳೇ. ತಮ್ಮ ಅವಳ ಮುಖವನ್ನೊಮ್ಮೆ ನೋಡಿ, ಬೀರುವಿನ ಬೀಗ ತೆಗೆದು, ಕತ್ತರಿಯ ಹಿಡಿಯನ್ನು ಅವಳ ಕಡೆಗೆ ತಿರುಗಿಸಿ ಕೊಟ್ಟ.